ಆಯಿಲ್ ಕಡ್ಡಿ ನೋಡಿದವನು

ಬಿದಿಯಾ
೧೮ ಫೆಬ್ರುವರಿ ೨೦೨೪

ಅಶ್‌ಖರಾ ಸಮುದ್ರತೀರದ ಪ್ರಭುಗಳೂ, ಮೀನುಗಳ ಪರಮಮಿತ್ರರೂ, ನನ್ನ ನಂಬರನ್ನು ಬ್ಲಾಕ್ ಮಾಡಿದ ಮಹಾಶಯರೂ ಆದ ಅಜ್ಜಾನ್ ಅವರಿಗೆ,

ನಾನು ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯೋಣವೆಂದರೆ ನೀವು ಬರೆಯುವವರಲ್ಲ. ಹದಿನಾರು ದಿನಗಳಲ್ಲಿ ನಲವತ್ತೊಂದು ಸಲ ಫೋನ್ ಮಾಡಿದ್ದೇನೆ. ನಲವತ್ತೆರಡನೆಯದಕ್ಕೆ ನನ್ನ ಫೋನಿಗೇ ನಾಚಿಕೆಯಾಯಿತು. ಹಾಗಾಗಿ ಅಜ್ಜಂದಿರ ಕಾಲದವರಂತೆ ಕಾಗದ ಬರೆದು, ಗುರುವಾರ ಗುರುವಾರ ನೀವೀಗ ಇರುವ ಊರಿನಿಂದ ಇಲ್ಲಿಗೆ ಮೀನು ತರುವ ಮುಬಾರಕನ ಕೈಗೆ ಕೊಡುತ್ತಿದ್ದೇನೆ. ಕಾಗದ ಮೀನು ನಾರಿದರೆ ಅದಕ್ಕೆ ನಾನು ಹೊಣೆಯಲ್ಲ.

ಈ ಮೂಲಕ ತಮ್ಮ ಗಮನಕ್ಕೆ ತರುವುದೇನೆಂದರೆ, ಇದೇ ತಿಂಗಳ ಎರಡನೇ ತಾರೀಕು ಶುಕ್ರವಾರ, ಇಡೀ ಬಿದಿಯಾ ನೋಡುತ್ತಿರುವಾಗ, ನಮ್ಮಪ್ಪನ ಬಿಳಿ ಎಸ್‌ಯುವಿ ಮರಳಿನ ದೊಡ್ಡ ಏರನ್ನು ಮುಕ್ಕಾಲು ಭಾಗ ಹತ್ತಿ, ಒಳಗೆ ಯಾರೋ ಸುತ್ತಿಗೆಯಲ್ಲಿ ಬಡಿದಂತೆ ನಾಲ್ಕು ಸಲ ಸದ್ದು ಮಾಡಿ, ನಿಂತುಹೋಯಿತು. ಇಂಜಿನ್ ಜಾಮ್. ಹಿಂದಿನ ದಿನ ತಾನೆ ನಾವಿಬ್ಬರೂ ನಮ್ಮ ಅಂಗಳದಲ್ಲಿ ಅದರ ಆಯಿಲ್ ಬದಲಾಯಿಸಿದ್ದೆವು. ಇದೆಲ್ಲ ನಿನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅಂದು ಕಾರನ್ನು ಹಗ್ಗ ಕಟ್ಟಿ ಎಳೆದು ಕೆಳಗಿಳಿಸುವಾಗ ತಿರುಗಿ ನೋಡಿದರೆ ನೀನಿರಲಿಲ್ಲ. ಮಾರನೇ ದಿನ ಊರಲ್ಲೂ ಇರಲಿಲ್ಲ. ಸಮುದ್ರತೀರದ ಮಾವನ ದೋಣಿ ನಿನಗೆ ನೆನಪಾಯಿತಂತೆ.

ಇಲ್ಲಿ ನನ್ನ ಸ್ಥಿತಿ ಕೇಳು. ಏರು ಹತ್ತುವ ಮುಂಚೆ ಜನರೆದುರು ನಾನೊಂದು ಭಾಷಣ ಮಾಡಿದ್ದೆನಲ್ಲ, "ಮಹಾಜನರೇ, ಇವತ್ತು ಆಯಿಲ್ ಇಲ್ದೆ, ಬರೀ ಭಕ್ತಿಯಿಂದ ಈ ಗಾಡೀನ ಮೇಲೆ ಹತ್ತಿಸ್ತೀನಿ, ನೋಡ್ತಾ ಇರಿ!" ಅಂತ. ಎಲ್ಲರೂ ನಕ್ಕಿದ್ದರು. ಈಗ ಅದೇ ಎಲ್ಲರೂ ಸಾಕ್ಷಿ. ಸುವೈದ್ ಚಿಕ್ಕಪ್ಪ ನಮ್ಮ ಜಗಲಿಯಲ್ಲಿ ಕೂತು, ಮೂರು ಬಟ್ಟಲು ಕಹವಾ ಕುಡಿದು ತೀರ್ಪು ಕೊಟ್ಟರು: "ಇವ್ನು ಬೇಕಂತಾನೇ ಆಯಿಲ್ ಕಮ್ಮಿ ಹಾಕಿದ್ದಾನೆ ಅತ್ತಿಗೆ. ತಮಾಷೆಗೆ. ಇವ್ನಿಗೆ ಎಲ್ಲ ತಮಾಷೆ."

ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿಮ್ಮಪ್ಪ ಬಿಟ್ಟುಹೋಗಿದ್ದು ಅದೊಂದೇ. ಅದ್ರ ಜೊತೇನೂ ಆಟ ಆಡಿದ್ಯಲ್ಲೋ" ಅಂದಳು. ಕೀಲಿಯನ್ನು ತಲೆವಸ್ತ್ರದ ತುದಿಗೆ ಗಂಟು ಹಾಕಿಕೊಂಡಳು. ಬಕ್ರೀದ್ ಹಬ್ಬಕ್ಕೆ ಕಾರನ್ನು ಚಿಕ್ಕಪ್ಪನಿಗೆ ಕೊಟ್ಟುಬಿಡುತ್ತಾಳಂತೆ. ಅವರು ಬೇರೆ ಇಂಜಿನ್ ಕೂರಿಸಿ ಇಟ್ಟುಕೊಳ್ಳುತ್ತಾರಂತೆ. "ಜವಾಬ್ದಾರಿ ಇರೋರ ಕೈಲಿರ್ಲಿ."

ಅಂದು ಬೆಳಿಗ್ಗೆ ಬಾನೆಟ್ ತೆಗೆದು, ಎಷ್ಟಿದೆ ಎಂದು ಆಯಿಲ್ ಕಡ್ಡಿ ಎಳೆದು ನೋಡಿದವನು ನೀನು. "ತುಂಬಿದೆ" ಅಂದವನು ನೀನು. ಇದನ್ನು ಅಮ್ಮನಿಗೆ ಒಂದು ಮಾತು ಹೇಳು, ಸಾಕು. ನನ್ನ ಮಾತನ್ನು ಅವಳು ನಂಬುವುದಿಲ್ಲ. ನಿನ್ನದನ್ನು ನಂಬುತ್ತಾಳೆ.

ಬ್ಲಾಕ್ ಆದ ಸ್ಥಿತಿಯಲ್ಲೂ ತಮ್ಮ ವಿಧೇಯ,
ಹಿಮ್ಯರ್


ಅಶ್‌ಖರಾ
೨೯ ಫೆಬ್ರುವರಿ ೨೦೨೪

ಹಿಮ್ಯರ್,

ನಿನ್ನ ಕಾಗದ ಸಿಕ್ಕಿತು. ಇಲ್ಲಿ ಗಾಳಿ ಜೋರು. ಮಾವನಿಗೆ ಬೆನ್ನುನೋವು, ಅದಕ್ಕೇ ಬಂದೆ, ಬೇರೆ ಕಾರಣವಿಲ್ಲ. ಫೋನ್ ನೀರಿಗೆ ಬಿದ್ದಿತ್ತು.

ಕಡ್ಡಿಯ ವಿಷಯ ನನಗೆ ಅಷ್ಟು ನೆನಪಿಲ್ಲ. ಅವತ್ತು ಗಲಾಟೆ ಇತ್ತು, ಹತ್ತು ಜನ ಹತ್ತು ಮಾತಾಡುತ್ತಿದ್ದರು. ನೀನೇ ಆಯಿಲ್ ಇಲ್ಲ ಅಂತ ಕೂಗಿದೆ. ಈಗ ನಾನು ಏನು ಹೇಳಿದರೂ ಜನ ನಂಬುತ್ತಾರಾ? ತೆಳು ಆಯಿಲ್ ಆರಿಸಿದವನೂ ನೀನೇ. ಚಿಕ್ಕಪ್ಪ ಬೇಡ ಅಂದಿದ್ದರು.

ನಿಮ್ಮಮ್ಮ ಜುವೈನಾ ಖಾಲಾಗೆ ನನ್ನ ಸಲಾಂ ಹೇಳು. ಅವರ ಮಂಡಿನೋವು ಹೇಗಿದೆ?

ಅಜ್ಜಾನ್


ಬಿದಿಯಾ
೯ ಮಾರ್ಚ್ ೨೦೨೪

ನೀರಿಗೆ ಬಿದ್ದ ಫೋನಿನ ಒಡೆಯನಿಗೆ,

ಮೊದಲು ಫೋನಿನ ಆತ್ಮಕ್ಕೆ ಶಾಂತಿ ಕೋರುತ್ತೇನೆ. ಅದು ನೀರಿನೊಳಗಿಂದಲೂ ನಿನ್ನೆ ರಾತ್ರಿ ಮುಬಾರಕನಿಗೆ ಮೆಸೇಜ್ ಕಳಿಸಿದೆಯಂತೆ. ಇಂಥ ಫೋನು ಲೋಕದಲ್ಲಿ ಇನ್ನೊಂದಿಲ್ಲ.

ಇನ್ನು ತೆಳು ಆಯಿಲಿನ ಆರೋಪ. ಆ ಮಹಾಸಭೆ ನಿನಗೆ ಮರೆತಿರಲಾರದು. ಗಾಫ್ ಮರದ ನೆರಳು, ಆರು ಮುದುಕರು, ಅಧ್ಯಕ್ಷ ಪೀಠದಲ್ಲಿ ಚಿಕ್ಕಪ್ಪ. ನಾನು ಅಪ್ಪನ ಕಾರಿನ ಪುಸ್ತಕವನ್ನು ಎದೆಗೊತ್ತಿ ಹಿಡಿದು ಓದಿದೆ: ಈ ಇಂಜಿನ್ನಿಗೆ ಐದು-ಮೂವತ್ತು ನಂಬರಿನ ಆಯಿಲ್. ಚಿಕ್ಕಪ್ಪ ಗಡ್ಡ ನೀವಿಕೊಂಡರು. "ಐದು-ಮೂವತ್ತಾ? ಅದು ನೀರು ಕಣೋ! ನಮ್ಮ ಬೇಸಗೆಗೆ ಇಪ್ಪತ್ತು-ಐವತ್ತೇ ಬೇಕು, ಜೇನಿನ ಹಾಗೆ ಗಟ್ಟಿಯಾಗಿರ್ಬೇಕು. ಪುಸ್ತಕ ಬರೆದವನು ನಮ್ಮ ಮರಳಲ್ಲಿ ಒಂದಿನ ಓಡ್ಸಿದ್ದಾನಾ?" ನಾನೆಂದೆ: "ಚಿಕ್ಕಪ್ಪ, ನಿಮ್ಮ ಹಳೇ ಗಾಡಿಗೆ ಜೇನು ಸರಿ. ಹೊಸ ಇಂಜಿನ್ನಲ್ಲಿ ಸಂದುಗಳು ಸಣ್ಣ. ಗಟ್ಟಿ ಆಯಿಲ್ ಮೇಲಕ್ಕೆ ಹತ್ತೋಕೇ ಹೊತ್ತಾಗತ್ತೆ. ನಿಮಗೆ ಮೆಟ್ಟಿಲು ಹತ್ತೋಕೆ ಆಗೋ ಹಾಗೆ." ಆರರಲ್ಲಿ ಐದು ಮುದುಕರು ನಕ್ಕರು. ಆಗ ನೀನೂ ನನ್ನ ಪಕ್ಷವೇ ಇದ್ದೆ. "ಪುಸ್ತಕ ಹೇಳಿದ್ದೇ ಸರಿ, ಚಿಕ್ಕಪ್ಪ" ಅಂದಿದ್ದೆ.

ಸರಿ, ಈಗ ಮುಖ್ಯ ವಿಷಯ. ಮೊನ್ನೆ ಅಮ್ಮ ತನ್ನ ತಂಗಿಯ ಮನೆಗೆ ಹೋದಾಗ ಕಾರಿನ ಕೆಳಗೆ ನುಸುಳಿದೆ. ಕೀಲಿ ಅವಳ ತಲೆವಸ್ತ್ರದಲ್ಲಿದ್ದರೂ, ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ತೆಗೆಯಲು ಕೀಲಿ ಬೇಡವಲ್ಲ. ಬೋಲ್ಟ್ ಬಿಗಿಯಾಗಿತ್ತು, ನಾನು ಬಿಗಿದ ಹಾಗೇ. ವಾಷರ್ ಹೊಸದು. ಒಂದು ಹನಿಯೂ ಸೋರಿಲ್ಲ, ಅಡಿಯಲ್ಲಿ ಒಂದು ಕಲೆಯಿಲ್ಲ. ಆಯಿಲನ್ನು ತೊಟ್ಟಿಗೆ ಇಳಿಸಿ, ನೀರು ಅಳೆಯುವ ಲೀಟರ್ ಜಗ್ಗಿನಲ್ಲಿ ಅಳೆದೆ. ಮೂರೂವರೆ. ಮತ್ತೆ ಅಳೆದೆ. ಮೂರೂವರೆ. ಫಿಲ್ಟರ್ ಕುಡಿದದ್ದು ಸೇರಿಸಿದರೆ ನಾಲ್ಕು. ಇಂಜಿನ್ನಿಗೆ ಬೇಕಾದದ್ದು ಏಳು.

ಏರಿನಲ್ಲಿ ಕಾರು ಮೂತಿ ಮೇಲೆತ್ತಿದಾಗ ಇರುವಷ್ಟು ಆಯಿಲ್ ಹಿಂದಕ್ಕೆ ಹರಿಯುತ್ತದೆ. ನಾಲ್ಕೇ ಲೀಟರಿದ್ದರೆ ಪಂಪಿನ ಬಾಯಿಗೆ ಗಾಳಿ. ಆ ನಾಲ್ಕು ಸುತ್ತಿಗೆ ಏಟು ಅದೇ.

ಅಪ್ಪ ಮಾಡಿದ ನಿಯಮ ನೆನಪಿದೆಯಾ? ಕೆಳಗೆ ಮಲಗಿದವನು ಬೋಲ್ಟಿಗೆ ಹೊಣೆ, ಮೇಲೆ ನಿಂತವನು ಆಯಿಲಿಗೆ ಹೊಣೆ. ಒಬ್ಬ ಮಾಡಿದ್ದನ್ನು ಇನ್ನೊಬ್ಬ ಮತ್ತೆ ತೆರೆದು ನೋಡಬಾರದು. ನೋಡಿದರೆ ಅವನ ಮುಖಕ್ಕೆ ಉಗುಳಿದ ಹಾಗೆ. ಏರು ಹತ್ತುವ ದಿನ ತನ್ನ ಬಾನೆಟ್ ತಾನು ತೆಗೆಯಬಾರದು, ಗೆಳೆಯ ತೆಗೆಯಬೇಕು. ಬಿದಿಯಾದ ಹುಡುಗರೆಲ್ಲ ಇದನ್ನು ಅಪ್ಪನಿಂದ ಕಲಿತರು. ಅದಕ್ಕೇ ನಾನು ನೋಡಲಿಲ್ಲ. ನೀನಿದ್ದೆ.

ಜಗ್ಗನ್ನು ಚಿಕ್ಕಪ್ಪನಿಗೆ ತೋರಿಸಿದೆ. "ನೋಡು, ನೀನೇ ಒಪ್ಕೊಂಡೆ, ಕಮ್ಮಿ ಇತ್ತು ಅಂತ" ಅಂದರು.

ಅಜ್ಜಾನ್, ಉಳಿದ ಮೂರು ಲೀಟರ್ ಎಲ್ಲಿ?

ಹಿಮ್ಯರ್


ಬಿದಿಯಾ
೨೮ ಮಾರ್ಚ್ ೨೦೨೪

ಅಜ್ಜಾನ್,

ಎರಡು ಗುರುವಾರ ಮುಬಾರಕ್ ಬರಿಗೈ ತೋರಿಸಿದ. "ಕೊಟ್ಟೆ ಮಾರಾಯ. ಓದಿದ. ಜೇಬಲ್ಲಿಟ್ಕೊಂಡ. ಖಾಲಾ ಹೇಗಿದ್ದಾರೆ ಅಂತ ಕೇಳ್ದ" ಅಂದ. "ನಾನು ಹೇಗಿದ್ದೀನಿ ಅಂತ ಕೇಳಿದ್ನಾ?" ಅಂದೆ. "ಇಲ್ಲ. ಅದೊಂದು ಬಿಟ್ಟು ಎಲ್ಲ ಕೇಳ್ದ, ನಿಮ್ಮ ಆಡಿನ ಬಗ್ಗೇನೂ ಕೇಳ್ದ."

ಆಡು ಕ್ಷೇಮ. ಎರಡು ಮರಿ ಹಾಕಿದೆ. ದಯವಿಟ್ಟು ಚಿಂತಿಸಬೇಡ.

ಉಪವಾಸದ ತಿಂಗಳು. ಸಂಜೆ ಊಟಕ್ಕೆ ಕೂತಾಗ ಅಮ್ಮ ನನ್ನ ತಟ್ಟೆಗೆ ಬಡಿಸಿ ಅತ್ತ ತಿರುಗುತ್ತಾಳೆ. ಅಪ್ಪ ಹೋಗಿ ಮೂರು ವರ್ಷವಾಯಿತು. ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜ್ ಆದಮೇಲೆ ಅವಳು ಕಾರಿನ ಮುಂದಿನ ಸೀಟಿನಲ್ಲಿ ಸುಮ್ಮನೆ ಕೂರುತ್ತಿದ್ದದ್ದು ನಿನಗೆ ಗೊತ್ತೇ ಇದೆ. ಈಗಲೂ ಕೂರುತ್ತಾಳೆ. ಆದರೆ ಬಾಗಿಲು ಹಾಕಿಕೊಳ್ಳುತ್ತಾಳೆ.

ಬಕ್ರೀದಿಗೆ ಇನ್ನು ಎಂಬತ್ತು ದಿನ. ಲೆಕ್ಕ ಹಾಕಿದ್ದು ನಾನಲ್ಲ, ಚಿಕ್ಕಪ್ಪ.

ಹಿಮ್ಯರ್


ಅಶ್‌ಖರಾ
೧೪ ಏಪ್ರಿಲ್ ೨೦೨೪

ಹಿಮ್ಯರ್,

ಈ ಕಾಗದವನ್ನು ನಾಲ್ಕು ಸಲ ಬರೆದು ಸಮುದ್ರಕ್ಕೆ ಹಾಕಿದೆ. ಇದನ್ನು ಹಾಕುವುದಿಲ್ಲ.

ಅಂದು ಗುರುವಾರ ನಾನು ನಾಲ್ಕು ಲೀಟರಿನ ದೊಡ್ಡ ಡಬ್ಬಿ ಸುರಿದೆ. ಒಂದೊಂದು ಲೀಟರಿನ ಮೂರು ಡಬ್ಬಿ ಬಾಕಿ ಇತ್ತು. ಮಸೀದಿಯಲ್ಲಿ ನಮಾಜಿನ ಬಾಂಗ್ ಆಯಿತು. ಮುಚ್ಚಳ ಹಾಕಿ ಕೈ ತೊಳೆಯಲು ಹೋದೆ. ವಾಪಸು ಬಂದವನು ಸಾಮಾನೆಲ್ಲ ನನ್ನ ಪಿಕಪ್‌ಗೆ ತುಂಬಿದೆ. ಆ ಮೂರು ಡಬ್ಬಿಯೂ ಅದರೊಳಗೆ ಹೋಯಿತು. ಅಲ್ಲಿಯವರೆಗೆ ಅದು ಮರೆವು. ದೇವರಾಣೆ, ಬರೀ ಮರೆವು.

ಶುಕ್ರವಾರ ಬೆಳಿಗ್ಗೆ ಬಾನೆಟ್ ತೆಗೆದೆ. ಕಡ್ಡಿ ಎಳೆದೆ, ಒರೆಸಿದೆ, ಹಾಕಿ ಮತ್ತೆ ಎಳೆದೆ. ತುದಿಗೂ ಆಯಿಲ್ ತಾಗಿರಲಿಲ್ಲ ಅನ್ನಬೇಕು. ಮೂರು ಡಬ್ಬಿ ಎಲ್ಲಿವೆ ಎಂದು ನನಗೆ ತಕ್ಷಣ ಹೊಳೆಯಿತು. ಹತ್ತು ಹೆಜ್ಜೆ ಆಚೆ, ನನ್ನ ಪಿಕಪ್ಪಿನಲ್ಲಿ. ತರಲು ಹೊರಟೆ. ಅಷ್ಟರಲ್ಲಿ ನೀನು ಸೀಟಿನಲ್ಲಿ ಕೂತು ಸೂರ್‌ನಿಂದ ಬಂದ ಹುಡುಗರಿಗೆ ಕಥೆ ಶುರು ಮಾಡಿದೆ. ಪಾಕದ ಕಥೆ.

ನಾನು ರಯ್ಯಾಳ ಮನೆಗೆ ಸಂಬಂಧ ಕೇಳಲು ಹೊರಟ ದಿನ ನನ್ನ ಗಾಡಿಯ ಅಡಿಗೆ ನೀನು ಖರ್ಜೂರದ ಪಾಕ ಸುರಿದದ್ದು. ಆಯಿಲ್ ಸೋರಿದೆ ಅಂದುಕೊಂಡು ನಾನು ಗಾಡಿ ಬಿಟ್ಟು, ಹೊಸ ಬಟ್ಟೆಯಲ್ಲಿ ಅವಳೂರು ಕಾಬಿಲ್‌ವರೆಗೆ ಬಿಸಿಲಲ್ಲಿ ನಡೆದದ್ದು. ಎರಡು ಗಂಟೆ ತಡವಾಗಿ ಬೆವರಿಳಿಸಿಕೊಂಡು ಹಿರಿಯರ ನಡುವೆ ನಿಂತದ್ದು. ಹಿಂದೆಯೇ ನೀನು ನನ್ನ ಗಾಡಿ ಓಡಿಸಿಕೊಂಡು ಬಂದು, ಬೆರಳಿಗೆ ಪಾಕ ಹಚ್ಚಿ ನೆಕ್ಕಿ ತೋರಿಸಿದ್ದು. ಅವಳ ಅಪ್ಪ ಅಂದದ್ದು: "ಪಾಕ ಯಾವ್ದು ಆಯಿಲ್ ಯಾವ್ದು ಗೊತ್ತಿಲ್ದೋನಿಗೆ ಮಗಳನ್ನ ಹೆಂಗಪ್ಪಾ ಕೊಡೋದು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಬಂಧ ಅಲ್ಲಿಗೇ ನಿಂತಿತು. ಅವಳನ್ನು ಈಗ ಸೊಹಾರ್‌ಗೆ ಕೊಟ್ಟಿದ್ದಾರೆ.

ಎರಡು ವರ್ಷ ನೀನು ಆ ಕಥೆಯನ್ನು ಹೇಳದ ಕೂಟವಿಲ್ಲ. ಪ್ರತಿ ಸಲ ನಾನು ಪಕ್ಕದಲ್ಲಿ ಕೂತು ಕಹವಾ ಬಗ್ಗಿಸುತ್ತಿದ್ದೆ. ಅಂದು ಬಾನೆಟ್ಟಿನ ಹಿಂದೆ ನಿಂತಿದ್ದೆ, ಅಷ್ಟೇ ವ್ಯತ್ಯಾಸ. ನೀನು ಕೂತಲ್ಲೇ ಭುಜ ಕುಣಿಸಿ ನನ್ನ ನಡಿಗೆಯನ್ನು ಅಣಕ ಮಾಡಿ ತೋರಿಸಿದ್ದು ಬಾನೆಟ್ಟಿನ ಸಂದಿನಿಂದ ಗಾಜಿನಲ್ಲಿ ಕಾಣುತ್ತಿತ್ತು. ಕಥೆ ಮುಗಿಸಿ ನೀನು "ಹೇಗಿದೆಯೋ?" ಎಂದು ಕೂಗಿದೆ.

ನಾನು "ತುಂಬಿದೆ" ಅಂದೆ.

ಅರ್ಧದಲ್ಲಿ ಆಯಿಲ್ ಕಮ್ಮಿ ಎಂಬ ಲೈಟ್ ಹತ್ತುತ್ತದೆ, ನಿಲ್ಲಿಸುತ್ತಾನೆ, ಒಂದು ದಿನ ಜನ ಅವನನ್ನು ನೋಡಿ ನಗಲಿ ಅಂದುಕೊಂಡೆ. ಇಂಜಿನ್ ಹೋಗುತ್ತದೆ ಅಂದುಕೊಳ್ಳಲಿಲ್ಲ. ಆ ಸದ್ದು ಕೇಳಿದಾಗ ನಿಲ್ಲಲಾಗಲಿಲ್ಲ.

ಅಜ್ಜಾನ್


ಬಿದಿಯಾ
೨ ಮೇ ೨೦೨೪

ಅಜ್ಜಾನ್,

ಎಂದಿನಂತೆ ನಿನಗೊಂದು ಬಿರುದು ಕೊಟ್ಟು ಶುರು ಮಾಡೋಣವೆಂದು ಕೂತೆ. ಹದಿನೈದು ದಿನವಾಯಿತು, ಒಂದೂ ಹೊಳೆಯಲಿಲ್ಲ.

ಲೈಟ್ ಹತ್ತಿತ್ತು. ಏರಿನಲ್ಲಿ ಮಿಣಿಮಿಣಿ ಅಂದಿತು. ಕಾರು ಓರೆಯಾದಾಗ ಹಾಗಾಗುವುದುಂಟು, ಅಜ್ಜಾನ್ ನೋಡಿದ್ದಾನಲ್ಲ, ತುಂಬಿದೆ ಅಂದಿದ್ದಾನಲ್ಲ ಎಂದು ಆಕ್ಸಿಲರೇಟರಿನಿಂದ ಕಾಲು ಎತ್ತಲಿಲ್ಲ. ಕಣ್ಣೆದುರಿನ ದೀಪಕ್ಕಿಂತ ನಿನ್ನ ಮಾತು ನನಗೆ ಹೆಚ್ಚಾಗಿತ್ತು. ಅದನ್ನು ನೀನು ತಿಳಿದುಕೊಂಡಿರಬೇಕು.

ಪಾಕದ ವಿಷಯ. ನನಗೆ ಗೊತ್ತಿರಲಿಲ್ಲ ಎಂದು ಬರೆದು ಹೊಡೆದು ಹಾಕಿದೆ. ಗೊತ್ತಿತ್ತು. ಅವತ್ತು ರಾತ್ರಿ ನೀನು ನಮ್ಮ ಮನೆಯಲ್ಲಿ ಉಣ್ಣದೆ ಹೋದೆ. ಅಮ್ಮ "ಅವನಿಗೇನಾಯ್ತೋ?" ಅಂದಳು. "ಪ್ರೇಮಜ್ವರ" ಅಂದೆ ನಾನು. ಆಮೇಲೆ ಕಥೆ ಚೆನ್ನಾಗಿತ್ತು, ಜನ ಕೇಳುತ್ತಿದ್ದರು, ನೀನೂ ನಗುತ್ತಿದ್ದೆ. ನಗುವವನ ಹೊಟ್ಟೆಯೊಳಗೆ ಇಣುಕಿ ನೋಡುವ ಕಡ್ಡಿ ನನ್ನ ಹತ್ತಿರ ಇರಲಿಲ್ಲ. ಇದ್ದರೂ ನೋಡುತ್ತಿರಲಿಲ್ಲವೇನೋ. ಅದು ನನ್ನ ತಪ್ಪು. ರಯ್ಯಾಳನ್ನು ನಾನು ವಾಪಸು ತರಲಾರೆ. ಇನ್ನು ಆ ಕಥೆ ನನ್ನ ಬಾಯಲ್ಲಿ ಬರುವುದಿಲ್ಲ.

ಆದರೆ ನನಗೆ ಇದು ಅರ್ಥವಾಗುತ್ತಿಲ್ಲ. ನೀನು ನನ್ನ ಕೆನ್ನೆಗೆ ಬಾರಿಸಬಹುದಿತ್ತು. ಆ ಸೂರ್ ಹುಡುಗರ ಎದುರೇ ಕಾಲರ್ ಹಿಡಿದು ಕೆಳಗೆ ಎಳೆಯಬಹುದಿತ್ತು. ನಾನು ಬಿದ್ದಲ್ಲೇ ನಗುತ್ತಿದ್ದೆ, ನಿನ್ನ ಕೋಪ ಇಳಿಯುತ್ತಿತ್ತು. ನೀನು ನನ್ನನ್ನು ಮುಟ್ಟಲೇ ಇಲ್ಲ, ಅಜ್ಜಾನ್. ಅಪ್ಪನ ಕಾರನ್ನು ಹೊಡೆದೆ. ನಿನಗೂ ಅದರಲ್ಲೇ ಸ್ಟೇರಿಂಗ್ ಹಿಡಿಯಲು ಕಲಿಸಿದ ಮನುಷ್ಯನ ಕಾರನ್ನು. ಆಮೇಲೆ ಮೂರು ತಿಂಗಳು ಅಮ್ಮ ನನ್ನನ್ನು ಮಗನೆಂದು ನೋಡದೆ ಇದ್ದಾಗ ಖಾಲಾ ಹೇಗಿದ್ದಾರೆ ಎಂದು ಮೀನಿನವನ ಹತ್ತಿರ ಕೇಳಿ ಕಳಿಸಿದೆ.

ಇಂಜಿನ್ ಕೇಳುವುದಿಲ್ಲ. ಅದು ಹೋಯಿತು. ಕಾರಾದರೂ ಅಂಗಳದಲ್ಲಿರಲಿ. ಹಬ್ಬಕ್ಕೆ ಮುಂಚೆ ಬಾ. ಅಮ್ಮನ ಎದುರು ಕೂತು ನಡೆದದ್ದನ್ನು ನಡೆದ ಹಾಗೆ ಹೇಳು, ಮರೆತದ್ದು, ನೋಡಿದ್ದು, ಅಂದದ್ದು, ಮೂರನ್ನೂ. ನೀನು ಹೇಳುವ ಮೊದಲು ಪಾಕದ ಕಥೆಯನ್ನು ನಾನೇ ಹೇಳುತ್ತೇನೆ, ನಗಿಸದೆ. ಅವಳು ಇಬ್ಬರಿಗೂ ಬೈಯಲಿ.

ಬರುತ್ತೇನೆ ಅಂತ ಮುಬಾರಕನ ಹತ್ತಿರ ಒಂದು ಮಾತು ಹೇಳಿ ಕಳಿಸು.

ಹಿಮ್ಯರ್


ಅಶ್‌ಖರಾ
೧೨ ಜೂನ್ ೨೦೨೪

ಪೂಜ್ಯ ಜುವೈನಾ ಖಾಲಾ ಅವರಿಗೆ,

ಅಸ್ಸಲಾಮು ಅಲೈಕುಂ. ನಿಮ್ಮ ಮಗನಂಥ ಅಜ್ಜಾನ್ ಬರೆಯುವ ಕಾಗದ. ನಿಮ್ಮ ಮಂಡಿನೋವು ಕಡಿಮೆಯಾಗಿದೆ ಎಂದು ಮುಬಾರಕ್ ಹೇಳಿದ, ಸಂತೋಷವಾಯಿತು.

ಹಬ್ಬಕ್ಕೆ ಬರಬೇಕೆಂದಿದ್ದೆ, ದೋಣಿಯ ಕೆಲಸದಿಂದ ಆಗುತ್ತಿಲ್ಲ. ಒಂದು ವಿಷಯ ಹೇಳಬೇಕಿತ್ತು. ಕಾರಿನ ಇಂಜಿನ್ ಹೋದದ್ದರಲ್ಲಿ ಹಿಮ್ಯರನ ತಪ್ಪಿಲ್ಲ. ಅಂದು ಬೆಳಿಗ್ಗೆ ಆಯಿಲ್ ಕಡ್ಡಿ ನೋಡಿದವನು ನಾನು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಸರಿಯಾಗಿ ಕಾಣಲಿಲ್ಲ, ತುಂಬಿದೆ ಅಂದುಕೊಂಡೆ. ತಪ್ಪೆಲ್ಲ ನನ್ನದು. ಅವನನ್ನು ಬೈಯಬೇಡಿ. ಕಾರನ್ನು ಅವನ ಹತ್ತಿರವೇ ಬಿಡಿ.

ನಿಮ್ಮ ಕೈ ಮುಟ್ಟಿ ಸಲಾಂ,
ಅಜ್ಜಾನ್


ಬಿದಿಯಾ
೨೦ ಜೂನ್ ೨೦೨೪

ಅಜ್ಜಾನ್,

ನಿನ್ನ ಕಾಗದ ಹಬ್ಬಕ್ಕೆ ಮುಂಚಿನ ಗುರುವಾರ ಬಂತು. ಅಮ್ಮ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು. ಓದಿ ಅತ್ತಳು. ನನಗೆ ಎದೆ ಹಗುರವಾಯಿತು.

"ನೋಡೋ" ಅಂದಳು ನನ್ನ ಕಡೆ ತಿರುಗಿ. "ಸ್ನೇಹಿತ ಅಂದ್ರೆ ಇವ್ನು. ನಿನ್ನ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಳ್ತಿದ್ದಾನೆ. ನಿಂಗೆ ನಾಚಿಕೆ ಆಗಲ್ವಾ, ಅವನ ಕೈಲಿ ಸುಳ್ಳು ಬರೆಸ್ತೀಯಾ?"

"ಅಮ್ಮಾ, ಅದು ಸುಳ್ಳಲ್ಲ. ಅಂದ್ರೆ, ಅರ್ಧ ಸುಳ್ಳು" ಅಂದೆ.

"ಬಿಸಿಲಿಗೆ ಕಣ್ಣು ಕಾಣ್ಲಿಲ್ವಂತೆ! ಬೆಳಗಿನ ಏಳು ಗಂಟೆಗೆ ಯಾವ ಬಿಸಿಲೋ? ಮರಳಲ್ಲಿ ಒಂಟೆ ಹೆಜ್ಜೆ ನೋಡಿ ಯಾರ ಒಂಟೆ ಅಂತ ಹೇಳೋ ಹುಡುಗ ಅವ್ನು. ಕಡ್ಡಿ ಕಾಣಲ್ವಾ? ಪಾಪ, ಸುಳ್ಳು ಹೇಳೋಕೂ ಬರಲ್ಲ ಅದಕ್ಕೆ."

ಆಗ ನಿನ್ನ ಏಪ್ರಿಲ್ ಕಾಗದ ತಂದು ಅವಳ ಮುಂದೆ ಇಟ್ಟೆ. ಇಡಬಾರದು ಅಂದುಕೊಂಡಿದ್ದೆ. ಇಟ್ಟೆ. ಅವಳು ಎರಡು ಸಾಲು ಓದಿದಳು, ಪಕ್ಕದಲ್ಲಿ ನಿನ್ನ ಈ ಕಾಗದ ಹಿಡಿದು ನೋಡಿದಳು, ಮಡಿಸಿ ವಾಪಸು ಕೊಟ್ಟಳು.

"ಅವನ ಅಕ್ಷರಾನೇ ಎಷ್ಟು ಚೆನ್ನಾಗಿ ಕೂರ್ಸಿದ್ದೀಯ" ಅಂದಳು. "ಹೋದ ವರ್ಷ ಇಮಾಮರ ಅಕ್ಷರದಲ್ಲಿ ನಿಮ್ಮ ಚಿಕ್ಕಪ್ಪನಿಗೆ ಬರೆದಿದ್ಯಲ್ಲ, ಗಡ್ಡಕ್ಕೆ ಸುಂಕ ಕಟ್ಟಬೇಕು ಅಂತ. ಅದಕ್ಕಿಂತ ಇದು ವಾಸಿ."

ನಾನು ಆಣೆ ಮಾಡಿದೆ. "ಆಣೆಯನ್ನಾದ್ರೂ ಬಿಡೋ ಮಗನೇ" ಅಂದಳು, ಮೆಲ್ಲಗೆ.

ನೀನು ಬಂದು ಎದುರು ಕೂತು ಹೇಳಿದ್ದರೆ ನಿನ್ನ ಮುಖ ನೋಡಿ ನಂಬುತ್ತಿದ್ದಳು. ನಿನಗೂ ಅದು ಗೊತ್ತಿತ್ತು, ಅದಕ್ಕೇ ಬರೆದು ಕಳಿಸಿದೆ ಎಂದು ನನಗನ್ನಿಸುತ್ತದೆ. ಹೌದೋ ಅಲ್ಲವೋ ಹೇಳಬೇಡ. ಹೇಳಿದರೂ ಯಾವುದನ್ನು ನಂಬುವುದು ಎಂದು ನನಗೆ ಈಗ ತಿಳಿಯುವುದಿಲ್ಲ.

ನಿನ್ನೆ, ಹಬ್ಬದ ಮೂರನೇ ದಿನ, ಚಿಕ್ಕಪ್ಪ ಲಾರಿ ತಂದರು. ಅಮ್ಮ ತಲೆವಸ್ತ್ರದ ಗಂಟು ಬಿಚ್ಚಲು ಹೋದಳು, ಬರಲಿಲ್ಲ. ನಾಲ್ಕು ತಿಂಗಳ ಗಂಟು. ಕೊನೆಗೆ ನಾನೇ ಬಿಚ್ಚಿ ಕೊಟ್ಟೆ. ಕಾರು ಲಾರಿ ಹತ್ತುವಾಗ ಏನಾದರೂ ತಮಾಷೆ ಮಾಡುತ್ತಾನೆ ಎಂದು ಎಲ್ಲರೂ ನನ್ನ ಮುಖ ನೋಡಿದರು. ನಾನು ಹಿಂದಿನಿಂದ ತಳ್ಳಿದೆ.

ಈ ಕಾಗದದ ಜೊತೆ ಒಂದು ಪೊಟ್ಟಣವಿದೆ. ಕೆಂಡದ ಗುಂಡಿಯಲ್ಲಿ ಹೂತು ಬೇಯಿಸಿ ತೆಗೆದ ಹಬ್ಬದ ಶುವಾ ಮಾಂಸ, ತೊಡೆಯ ಭಾಗ, ಎಲ್ಲಕ್ಕಿಂತ ಒಳ್ಳೆಯ ತುಂಡು. ಅಮ್ಮ ನಿನಗೆಂದು ಮೊದಲೇ ಎತ್ತಿಟ್ಟಿದ್ದಳು. ಮುಬಾರಕನಿಗೆ ಕೊಟ್ಟು ಬಾ ಎಂದು ನನ್ನ ಕೈಗೆ ಹಾಕುವಾಗ ಕೇಳಿದಳು: "ದಾರೀಲಿ ಇದಕ್ಕೇನೂ ಬೆರೆಸಲ್ಲ ತಾನೆ?"

ಏನೂ ಬೆರೆಸಿಲ್ಲ. ತಿನ್ನು.

ಹಿಮ್ಯರ್